ಚದುರಿದ ಸಾವುಗಳು, ಒಂದೇ ಕೈ

ಮರಳವಾಡಿಯಿಂದ ಹಾರೋಹಳ್ಳಿಗೆ ಬಂದು ಬೆಂಗಳೂರಿನ ಬಸ್ಸು ಹಿಡಿದರೆ ದಾರಿಯಲ್ಲಿ ಕಗ್ಗಲೀಪುರ ಸಿಕ್ಕುತ್ತದೆ. ಎದುರು ದಿಕ್ಕಿಗೆ ಹೊರಟು ಕನಕಪುರವನ್ನು ದಾಟಿದರೆ ಕಬ್ಬಾಳಮ್ಮನ ಸನ್ನಿಧಿ. ನಮ್ಮ ಸೀಮೆಯ ಜನ ಒಂದು ಊರಿನ ಮೂಲಕ ಪೇಟೆಗೆ ಹೋಗುತ್ತಾರೆ. ಮತ್ತೊಂದು ಊರಿಗೆ ಹರಕೆ ಹೊತ್ತು ಹೋಗುತ್ತಾರೆ. ಈ ಎರಡು ಊರುಗಳ ಹೆಸರೂ 2007ರ ಕೊನೆಯಲ್ಲಿ ಒಂದೇ ಸುದ್ದಿಯೊಳಗೆ ಬಂದಾಗ ಹಿರಿಯರು ಕಿವಿ ಮುಚ್ಚಿಕೊಂಡರು. ಕಗ್ಗಲೀಪುರದ ಕೆ. ಡಿ. ಕೆಂಪಮ್ಮ ಎಂಬಾಕೆಯ ಮೇಲೆ ಆರು ಮಂದಿ ಹೆಂಗಸರ ಕೊಲೆಯನ್ನು ಹೊರಿಸಲಾಗಿತ್ತು. ಆ ಆರು ಮಂದಿಯಲ್ಲಿ ಒಬ್ಬಾಕೆ ಪ್ರಾಣ ತೆತ್ತದ್ದು ಕಬ್ಬಾಳಮ್ಮನ ಸನ್ನಿಧಿಯಲ್ಲಿ.

ಈ ಸಂಗತಿ ತರಗತಿಯಲ್ಲಿ ಪ್ರಸ್ತಾಪವಾದಾಗಲೆಲ್ಲ ವಿದ್ಯಾರ್ಥಿಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಶವವಿದ್ದ ಕೋಣೆಯನ್ನು ಒಮ್ಮೆ ನೋಡಿ ಕೊಲೆಗಾರನ ವಯಸ್ಸು, ಕಸಬು, ಬಾಲ್ಯದ ದುಃಖ ಎಲ್ಲವನ್ನೂ ಹೇಳಿಬಿಡುವ ಸಿನಿಮಾ ತಜ್ಞರು ನಿಜವಾಗಿಯೂ ಇದ್ದಾರೆಯೆ? ಭೌತಶಾಸ್ತ್ರದ ಉಪನ್ಯಾಸಕರಿಗೆ ಇದು ಹೊರಗಿನ ವಿಷಯವೆಂಬುದು ನಿಜ. ಆದರೆ ಪರಿಣಾಮಗಳಿಂದ ಕಾರಣವನ್ನು ಊಹಿಸುವ ಕೆಲಸ ನಮಗೂ ಪರಿಚಿತವೇ ಆದುದರಿಂದ ಉತ್ತರ ಹೇಳುವ ಸಾಹಸ ಮಾಡುತ್ತಿದ್ದೇವೆ.

ಮೊದಲು ಕೆಂಪಮ್ಮನ ಕ್ರಮವನ್ನು ನೋಡೋಣ. ದೇವಸ್ಥಾನಗಳಲ್ಲಿ ದುಃಖದಿಂದ ಕೂತ ಹೆಂಗಸರನ್ನು ಆಕೆ ಗುರುತಿಸುತ್ತಿದ್ದಳು. ಒಬ್ಬಾಕೆಗೆ ಮಕ್ಕಳಿರಲಿಲ್ಲ, ಮತ್ತೊಬ್ಬಾಕೆಯ ಮೊಮ್ಮಗಳು ಕಾಣೆಯಾಗಿದ್ದಳು. ವಿಶೇಷ ಪೂಜೆಯಿಂದ ಕಷ್ಟ ಕಳೆಯುವುದೆಂದು ನಂಬಿಸಿ, ಒಡವೆಗಳನ್ನೆಲ್ಲ ಧರಿಸಿ ಬರುವಂತೆ ಹೇಳಿ, ದೂರದ ಮತ್ತೊಂದು ಕ್ಷೇತ್ರಕ್ಕೆ ಕರೆದೊಯ್ದು, ತೀರ್ಥವೆಂದು ಸಯನೈಡ್ ಬೆರೆತ ನೀರನ್ನು ಕೊಡುತ್ತಿದ್ದಳು. ಮೊದಲನೆಯ ಕೊಲೆ 1999ರಲ್ಲಿ, ಹೊಸಕೋಟೆಯ ಕಡೆ. ಉಳಿದ ಐದು 2007ರ ಕೊನೆಯ ಮೂರು ತಿಂಗಳೊಳಗೆ: ಕಬ್ಬಾಳು, ಸಿದ್ಧಗಂಗೆ, ಎಡೆಯೂರು, ಮದ್ದೂರಿನ ವೈದ್ಯನಾಥಪುರ, ಘಾಟಿ ಸುಬ್ರಹ್ಮಣ್ಯ. ಒಂದೊಂದು ಸ್ಥಳವೂ ಒಂದೊಂದು ಠಾಣೆಯ ಸರಹದ್ದು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಆ ವರ್ಷದ ಡಿಸೆಂಬರ್ 31ರಂದು ಆಕೆ ಸಿಕ್ಕಿಬಿದ್ದಳು. ಹಿಡಿದುಕೊಟ್ಟದ್ದು ಮನಶ್ಶಾಸ್ತ್ರವಲ್ಲ, ಸತ್ತವರ ಒಡವೆ. ನ್ಯಾಯಾಲಯ ವಿಧಿಸಿದ ಮರಣದಂಡನೆ ಮುಂದೆ ಜೀವಾವಧಿ ಶಿಕ್ಷೆಯಾಗಿ ಮಾರ್ಪಟ್ಟಿತು.

ಸಯನೈಡಿನ ಗುಣವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳಲು ನೆರವಾಗುವ ಒಂದು ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ರಕ್ತದಲ್ಲಿ ಆಮ್ಲಜನಕ ಧಾರಾಳವಾಗಿದ್ದರೂ ಕೋಶಗಳು ಅದನ್ನು ಮುಟ್ಟಲಾರವು. ತುಂಬಿದ ಕಣಜದ ಮುಂದೆ ಹಸಿದು ಸಾಯುವಂತೆ. ದೇಹದ ಮೇಲೆ ಗಾಯವಿಲ್ಲ, ಹೋರಾಟದ ಗುರುತಿಲ್ಲ. ಯಾರಿಗೂ ಸಂಶಯ ಬಾರದಿದ್ದರೆ, ಇಂಥ ಸಾವು ಕಾಗದದ ಮೇಲೆ 'ಅಸ್ವಾಭಾವಿಕ ಮರಣ' ಎಂದೋ 'ಆತ್ಮಹತ್ಯೆ' ಎಂದೋ ಮುಗಿದುಹೋಗುವುದು ಸುಲಭ.

ಸರಣಿ ಹಂತಕರ ವಿಷಯದಲ್ಲಿ ಮುಖ್ಯವಾದ ತೊಡಕು ಇರುವುದು ಇಲ್ಲಿಯೇ. ಒಬ್ಬನೇ ವ್ಯಕ್ತಿ ಐದು ಕಡೆ ಕೊಂದಾಗ ಐದು ಠಾಣೆಗಳಿಗೆ ಕಾಣುವುದು ಸರಣಿಯಲ್ಲ, ಒಂದೊಂದು ಬಿಡಿ ಸಾವು. ಅಮೆರಿಕದ ಸ್ಟೀವನ್ ಎಗರ್ ಎಂಬ ವಿದ್ವಾಂಸರು 1984ರಲ್ಲಿ ಈ ದೋಷಕ್ಕೊಂದು ಹೆಸರಿಟ್ಟರು. ಇರುಳುಗುರುಡು ಎಂಬಂತೆ ನಾವು ಅದನ್ನು ಕೊಂಡಿಗುರುಡು ಎನ್ನಬಹುದು. ಸಂಗತಿಗಳು ಕಾಣುತ್ತವೆ, ಅವುಗಳ ನಡುವಣ ಕೊಂಡಿ ಕಾಣುವುದಿಲ್ಲ.

ಪ್ರೊಫೈಲರ್ ಎನಿಸಿಕೊಳ್ಳುವ ತಜ್ಞರು ಮೊದಲು ಮಾಡಬೇಕಾದದ್ದು ಈ ಕೊಂಡಿಯನ್ನು ಹುಡುಕುವ ಕೆಲಸ. ಅವರು ಕೃತ್ಯದಲ್ಲಿ ಎರಡು ಅಂಶಗಳನ್ನು ಬೇರ್ಪಡಿಸುತ್ತಾರೆ. ಕೆಲಸ ಸಾಧಿಸಲು ಬಳಸಿದ ವಿಧಾನ ಒಂದು. ಕಳ್ಳ ಅನುಭವ ಪಡೆದಂತೆ ಇದು ಬದಲಾಗುತ್ತದೆ. ಕೆಲಸಕ್ಕೆ ಅಗತ್ಯವಿಲ್ಲದಿದ್ದರೂ ತನ್ನ ಮನಸ್ಸಿನ ತೃಪ್ತಿಗಾಗಿ ಮಾಡುವುದು ಮತ್ತೊಂದು. ಅದು ಅಷ್ಟು ಬೇಗ ಬದಲಾಗದು. ಅನಂತರ ಲಕ್ಷಣಗಳನ್ನು ಹೋಲಿಸುತ್ತಾರೆ. ಇಲ್ಲೊಂದು ಎಚ್ಚರಿಕೆಯುಂಟು. ಮೂರು ಲಕ್ಷಣಗಳು ತಲಾ ಹತ್ತರಲ್ಲಿ ಒಂದು ಸಾವಿನಲ್ಲಿ ಕಾಣುವುವೆಂದು ಇಟ್ಟುಕೊಂಡರೆ, ಮೂರೂ ಒಟ್ಟಿಗೆ ಕೂಡಿಬರುವುದು ಸಾವಿರದಲ್ಲಿ ಒಂದು ಎಂದು ನಮ್ಮ ವಿದ್ಯಾರ್ಥಿಗಳು ಥಟ್ಟನೆ ಗುಣಿಸುತ್ತಾರೆ. ಲಕ್ಷಣಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ ಮಾತ್ರ ಆ ಗುಣಾಕಾರ ಸರಿ. ಜಾತ್ರೆಗೆ ಬಂದ ಹೆಂಗಸು ಒಡವೆ ತೊಡುವುದು ಸಹಜ. 'ದೇವಸ್ಥಾನ' ಮತ್ತು 'ಒಡವೆ' ಎರಡು ಬೇರೆ ಸಾಕ್ಷಿಗಳಲ್ಲ, ಒಂದೂವರೆ ಸಾಕ್ಷಿ ಎನ್ನಬೇಕು.

ಈ ವಿದ್ಯೆಗೆ ಕೀರ್ತಿ ತಂದ ಕಥೆ ನ್ಯೂಯಾರ್ಕಿನದು. 1940ರಿಂದ ಹದಿನಾರು ವರ್ಷ ಒಬ್ಬ ಅಜ್ಞಾತನು ಆ ನಗರದಲ್ಲಿ ಮೂವತ್ತಕ್ಕೂ ಹೆಚ್ಚು ಬಾಂಬುಗಳನ್ನಿಟ್ಟ. 1956ರಲ್ಲಿ ಪೊಲೀಸರು ಜೇಮ್ಸ್ ಬ್ರಸೆಲ್ ಎಂಬ ಮನೋವೈದ್ಯರ ನೆರವು ಕೇಳಿದರು. ಅವರು ಅಪರಾಧಿಯ ಸ್ವಭಾವಚಿತ್ರವನ್ನು ಬರೆದು, ಹಿಡಿದಾಗ ಆತ ಗುಂಡಿ ಹಾಕಿದ ಎರಡು ಪಟ್ಟಿಯ ಕೋಟು ತೊಟ್ಟಿರುವನೆಂದೂ ಹೇಳಿದರಂತೆ. 1957ರ ಜನವರಿಯಲ್ಲಿ ಜಾರ್ಜ್ ಮೆಟೆಸ್ಕಿ ಎಂಬಾತ ಸಿಕ್ಕಾಗ ರಾತ್ರಿಯುಡುಪಿನಲ್ಲಿದ್ದ. ಬಟ್ಟೆ ಬದಲಿಸಿ ಬಾ ಎಂದಾಗ ಅಂಥದೇ ಕೋಟು ತೊಟ್ಟು ಬಂದ! ಕೋಟಿನ ಕಥೆ ಜಗತ್ತನ್ನೆಲ್ಲ ಸುತ್ತಿತು. ವೈದ್ಯರ ಊಹೆಗಳಲ್ಲಿ ತಪ್ಪಾದುವೂ ಇದ್ದವು. ಅವನ್ನು ಜನ ಮರೆತರು. ಆತನನ್ನು ಗುರುತಿಸಿದ್ದು ವಿದ್ಯುತ್ ಕಂಪನಿಯ ಗುಮಾಸ್ತೆ ಆಲಿಸ್ ಕೆಲ್ಲಿ ಎಂಬುದನ್ನೂ ಮರೆತರು. ಗಾಯಗೊಂಡು ಪರಿಹಾರ ಕೇಳಿದ್ದ ನೌಕರರ ಹಳೆಯ ಕಡತಗಳನ್ನು ತಿರುವುತ್ತ, ಬಾಂಬಿನವನ ಪತ್ರಗಳಲ್ಲಿದ್ದ ಮಾತಿನ ಧಾಟಿಯೇ ಮೆಟೆಸ್ಕಿಯ ಅರ್ಜಿಯಲ್ಲೂ ಇರುವುದನ್ನು ಆಕೆ ಕಂಡಳು. ನಮ್ಮ ಮೆಚ್ಚುಗೆ ಆ ಗುಮಾಸ್ತೆಗೆ.

ಮುಂದೆ ಎಫ್.ಬಿ.ಐ. ಸಂಸ್ಥೆ 1972ರಲ್ಲಿ ವರ್ತನಾವಿಜ್ಞಾನದ ವಿಭಾಗವನ್ನು ತೆರೆಯಿತು. ಅಲ್ಲಿಯ ರಾಬರ್ಟ್ ರೆಸ್ಲರ್, ಜಾನ್ ಡಗ್ಲಸ್ ಮೊದಲಾದವರು ಸೆರೆಮನೆಗಳಿಗೆ ಹೋಗಿ 36 ಹಂತಕರನ್ನು ಮಾತಾಡಿಸಿ ವರ್ಗೀಕರಣವೊಂದನ್ನು ರಚಿಸಿದರು. ಮೂವತ್ತಾರು ಮಂದಿ ಸುಳ್ಳುಗಾರರ ಮಾತಿನಿಂದ ನಿಯಮ ಕಟ್ಟಬಹುದೆ ಎಂದು ಅನೇಕರು ಆಕ್ಷೇಪಿಸಿದ್ದಾರೆ. ಆಕ್ಷೇಪಣೆ ನ್ಯಾಯವಾದುದೇ.

ಸ್ವಭಾವಚಿತ್ರ ನಿಜವೆನಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಅಧ್ಯಾಪಕರು 39 ವಿದ್ಯಾರ್ಥಿಗಳಿಗೆ 'ನಿನ್ನ ಸ್ವಭಾವವಿದು' ಎಂದು ಒಂದೊಂದು ಬರಹ ಕೊಟ್ಟರು. ವಿದ್ಯಾರ್ಥಿಗಳು ಅದರ ನಿಖರತೆಗೆ ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ! ಗಿಣಿಶಾಸ್ತ್ರದವನ ಚೀಟಿಯ ಗುಟ್ಟೂ ಇದೇ. 2003ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಪೊಲೀಸರ ಒಂದು ಗುಂಪಿಗೆ ಸ್ವಭಾವಚಿತ್ರದೊಡನೆ ನಿಜವಾದ ಅಪರಾಧಿಯ ವಿವರವನ್ನೂ, ಮತ್ತೊಂದು ಗುಂಪಿಗೆ ಅದೇ ಚಿತ್ರದೊಡನೆ ಕಲ್ಪಿತ ಅಪರಾಧಿಯ ವಿವರವನ್ನೂ ಕೊಟ್ಟರು. ಎರಡು ಗುಂಪಿನಲ್ಲೂ ಹೆಚ್ಚಿನವರು ಚಿತ್ರ ಹೊಂದುತ್ತದೆಂದೇ ಹೇಳಿದರು.

ಇದಕ್ಕಿಂತ ಲೆಕ್ಕಕ್ಕೆ ಹತ್ತಿರವಾದ ಕ್ರಮವೊಂದನ್ನು ಕೆನಡಾದ ಪೊಲೀಸ್ ಅಧಿಕಾರಿ ಕಿಮ್ ರಾಸ್ಮೋ ಅವರು 1990ರ ದಶಕದಲ್ಲಿ ರೂಪಿಸಿದರು. ಗೂಟಕ್ಕೆ ಕಟ್ಟಿದ ಹಸುವನ್ನು ಸಂಜೆ ಬಿಚ್ಚಿಕೊಂಡು ಹೋದ ಮೇಲೆ, ಮೇಯ್ದ ಹುಲ್ಲನ್ನು ನೋಡಿ ಗೂಟವೆಲ್ಲಿತ್ತೆಂದು ಹೇಳಬಹುದಲ್ಲವೆ? ಗೂಟದ ಬುಡದಲ್ಲಿ ತುಳಿದು ನುಗ್ಗಾದ ಹುಲ್ಲು ಹಾಗೇ ಉಳಿದಿರುತ್ತದೆ, ಸುತ್ತ ಬೋಳು, ಹಗ್ಗ ಎಟುಕದ ಕಡೆ ಹಸುರು. ಅಪರಾಧಿಯೂ ಗುರುತು ಸಿಕ್ಕೀತೆಂದು ತನ್ನ ಮನೆಯ ತೀರ ಹತ್ತಿರ ಕೈಯಿಡುವುದಿಲ್ಲ. ಬಹು ದೂರ ಹೋಗುವ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ. ಕೃತ್ಯ ನಡೆದ ಸ್ಥಳಗಳನ್ನು ನಕ್ಷೆಯಲ್ಲಿಟ್ಟು ಗಣಿಸಿದರೆ ಅವನ ನೆಲೆಯ ಸಂಭಾವ್ಯತೆ ಒಂದೆಡೆ ಗುಡ್ಡದಂತೆ ಏಳುತ್ತದೆ. ಎಲ್ಲಿಂದ ಹುಡುಕತೊಡಗಬೇಕೆಂಬುದನ್ನು ಅದು ಹೇಳೀತೇ ಹೊರತು ಹೆಸರನ್ನು ಹೇಳದು.

ಗೂಟವಿಲ್ಲದ ಹಸುವಾದರೆ? ದಕ್ಷಿಣ ಕನ್ನಡದ ಮೋಹನ್ ಕುಮಾರ್ ಎಂಬ ಶಿಕ್ಷಕನ ಪ್ರಕರಣ ಅಂಥದು. 2003ರಿಂದ 2009ರವರೆಗೆ ಇಪ್ಪತ್ತು ಮಂದಿ ಯುವತಿಯರನ್ನು ಆತ ಕೊಂದನೆಂದು ಮೊಕದ್ದಮೆಗಳು ನಡೆದವು. 2013ರಿಂದ ಒಂದೊಂದಾಗಿ ಶಿಕ್ಷೆಗಳಾದವು. ವರದಕ್ಷಿಣೆ ಕೊಡಲಾರದ ಬಡಮನೆಯ ಹೆಣ್ಣುಮಕ್ಕಳಿಗೆ ಮದುವೆಯ ಆಸೆ ತೋರಿಸಿ, ಘಟ್ಟದ ಮೇಲಿನ ಊರುಗಳಿಗೆ ಕರೆತಂದು, ಗರ್ಭನಿರೋಧಕವೆಂದು ಸಯನೈಡಿನ ಗುಳಿಗೆ ಕೊಟ್ಟು, ಬಸ್ ನಿಲ್ದಾಣದ ಶೌಚಾಲಯಕ್ಕೆ ಕಳುಹಿಸುತ್ತಿದ್ದ. ಶವಗಳು ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರುಗಳಲ್ಲಿ. ಕೊಂದವನ ಮನೆ ಕರಾವಳಿಯಲ್ಲಿ. ನಕ್ಷೆಯ ಲೆಕ್ಕ ಗೂಟವನ್ನು ತಪ್ಪು ಕಡೆ ತೋರಿಸುತ್ತಿತ್ತು.

ಒಳಗಿನಿಂದ ಚಿಲಕ ಹಾಕಿದ ಬಾಗಿಲು, ರೇಷ್ಮೆ ಸೀರೆ ಉಟ್ಟ ಯುವತಿ, ಮೈಮೇಲೆ ಒಡವೆಯಿಲ್ಲ. ಮೈಸೂರಿನ ಒಂದೇ ನಿಲ್ದಾಣದಲ್ಲಿ ಹೀಗೆ ಹಲವರು ಸಿಕ್ಕಿದರೂ ಪ್ರತಿ ಸಾವೂ ಬಿಡಿಯಾಗಿಯೇ ಉಳಿಯಿತು. ಅತ್ತ ಕರಾವಳಿಯ ಠಾಣೆಯಲ್ಲಿ 'ಕಾಣೆಯಾದವಳು', ಇತ್ತ ಘಟ್ಟದ ಮೇಲಿನ ಠಾಣೆಯಲ್ಲಿ 'ಗುರುತು ಸಿಗದ ಹೆಣ್ಣಿನ ಶವ'; ಒಂದೇ ಬದುಕಿನ ಎರಡು ತುಂಡುಗಳು ಎರಡು ಕಪಾಟುಗಳಲ್ಲಿ. ಎಷ್ಟೋ ಮನೆಗಳವರು ಮಗಳು ಮದುವೆಯಾಗಿ ಎಲ್ಲೋ ಸುಖವಾಗಿದ್ದಾಳೆಂದು ನಂಬಿ ದೂರನ್ನೇ ಕೊಡಲಿಲ್ಲ. 2009ರ ಜೂನ್‌ನಲ್ಲಿ ಬಂಟ್ವಾಳದ ಕಡೆಯ ಯುವತಿಯೊಬ್ಬಳು ಕಾಣೆಯಾದಾಗ ಊರ ಜನ ಸುಮ್ಮನಿರಲಿಲ್ಲ. ಪೊಲೀಸರು ಆಕೆಯ ದೂರವಾಣಿ ಕರೆಗಳನ್ನು ಪರಿಶೀಲಿಸಿದರು. ಸಿಕ್ಕ ಸಂಖ್ಯೆ ಕಾಣೆಯಾಗಿದ್ದ ಇನ್ನೊಬ್ಬಾಕೆಯದು. ಅವಳ ಕರೆಗಳಿಂದ ಮತ್ತೊಬ್ಬಾಕೆ. ಹೀಗೆ ಕೊಂಡಿಗೆ ಕೊಂಡಿ ಕೂಡಿ, ಅಕ್ಟೋಬರ್‌ನಲ್ಲಿ ಆತನ ಬಂಧನವಾಯಿತು.

ಅದೇ 2009ರಲ್ಲಿ ಕೇಂದ್ರ ಸರ್ಕಾರ ದೇಶದ ಠಾಣೆಗಳನ್ನೆಲ್ಲ ಒಂದು ಗಣಕಜಾಲದಲ್ಲಿ ಕೂಡಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈಗ ಅಸ್ವಾಭಾವಿಕ ಮರಣದ ವಿಚಾರಣೆ ನಡೆಯುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 194ನೆಯ ವಿಧಿಯಂತೆ. ಗಣಕಯಂತ್ರವು ಎರಡು ಸಾವುಗಳನ್ನು ಹೋಲಿಸಬಲ್ಲುದು. ಆದರೆ ಬರೆಯದೆ ಬಿಟ್ಟದ್ದನ್ನು ಹೋಲಿಸಲಾರದು. ಗೊತ್ತಿಲ್ಲದ ಹೆಣ್ಣೊಬ್ಬಳ ಶವದ ಬಳಿ ಕೂತ ಠಾಣೆಯ ಬರಹಗಾರ, ಕಿವಿಯಲ್ಲಿ ಓಲೆಯ ತೂತಿದ್ದು ಓಲೆ ಇಲ್ಲದಿರುವುದನ್ನು ಕಂಡು, ಅದನ್ನೂ ಒಂದು ಸಾಲಿನಲ್ಲಿ ಬರೆದಿಡಬೇಕು.