ಹವಳ ದಿಬ್ಬದ ಕಪ್ಪುತುದಿ ಶಾರ್ಕ್

ಶಾರ್ಕ್ ಎಂದೊಡನೆ ಮನುಷ್ಯರನ್ನು ಕೊಲ್ಲುವ ಭಾರಿ ಮೀನು ನೆನಪಿಗೆ ಬರುವುದು ಸಹಜ. ಆದರೆ ಕರಾವಳಿಯ ಜನ ತಾಟೆ ಎಂದು ಕರೆಯುವ ಈ ಮೀನಿನ ಬಳಗದಲ್ಲಿ ಚಿಕ್ಕ ಗಾತ್ರದ, ಅಂಜುವ ಸ್ವಭಾವದ ಪ್ರಭೇದಗಳೂ ಇವೆ. ಕಪ್ಪುತುದಿ ಶಾರ್ಕ್ ಅವುಗಳಲ್ಲೊಂದು. ಸಾಮಾನ್ಯವಾಗಿ ಇದರ ಉದ್ದ 1.6 ಮೀಟರನ್ನು ಮೀರುವುದಿಲ್ಲ. ಈಜುರೆಕ್ಕೆಗಳ ತುದಿಯಲ್ಲಿರುವ ಅಚ್ಚ ಕಪ್ಪು ಬಣ್ಣವೇ ಇದರ ಗುರುತು. ಮೆಲನಾಪ್ಟೆರಸ್ ಎಂಬ ಇದರ ವೈಜ್ಞಾನಿಕ ನಾಮಕ್ಕೂ ಕಪ್ಪು ರೆಕ್ಕೆಯುಳ್ಳದ್ದು ಎಂದೇ ಅರ್ಥ.

ಹಿಂದೂ ಮಹಾಸಾಗರ ಮತ್ತು ಶಾಂತಸಾಗರದ ಉಷ್ಣವಲಯದ ಹವಳ ದಿಬ್ಬಗಳು ಇದರ ನೆಲೆ. ಭಾರತದಲ್ಲಿ ಲಕ್ಷದ್ವೀಪ ಹಾಗೂ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ಸುತ್ತ ಕಾಣಸಿಗುತ್ತದೆ. ದಡದ ಸಮೀಪ, ಬೆನ್ನಿನ ರೆಕ್ಕೆ ನೀರಿನ ಮೇಲೆ ಕಾಣುವಷ್ಟು ಆಳವಿಲ್ಲದ ಜಾಗದಲ್ಲಿಯೂ ಇದು ಸಂಚರಿಸುತ್ತದೆ. ಸಣ್ಣ ಮೀನು, ಬೊಂಡಾಸ, ಏಡಿಗಳು ಇದರ ಆಹಾರ. ಇದು ದೂರದ ವಲಸೆ ಹೋಗುವುದು ವಿರಳ; ಬಹುಕಾಲ ಒಂದೇ ದಿಬ್ಬದ ಆಸುಪಾಸಿನಲ್ಲಿ ಬಾಳುತ್ತದೆ.

ಇದರ ಸಂತಾನಕ್ರಮವು ವಿಶೇಷ ಗಮನಕ್ಕೆ ಅರ್ಹವಾದುದು. ಬಂಗುಡೆ, ಬೂತಾಯಿಗಳು ಸಾವಿರಾರು ಮೊಟ್ಟೆಗಳನ್ನಿಡುತ್ತವೆ. ಈ ಶಾರ್ಕ್ ಮೊಟ್ಟೆಯಿಡದೆ ಮರಿ ಹಾಕುತ್ತದೆ. ಸಸ್ತನಿಗಳಲ್ಲಿರುವಂತೆ ತಾಯಿಯ ಗರ್ಭದಲ್ಲಿ ಜರಾಯುವಿನ ಮೂಲಕವೇ ಮರಿಗೆ ಪೋಷಣೆ ದೊರೆಯುತ್ತದೆ. ಹಲವು ತಿಂಗಳ ಗರ್ಭಧಾರಣೆಯ ನಂತರ ಜನಿಸುವುದು ಸಾಮಾನ್ಯವಾಗಿ 2ರಿಂದ 5 ಮರಿಗಳು ಮಾತ್ರ. ಅವು ಪ್ರಾಯಕ್ಕೆ ಬರಲು ಕೆಲವು ವರ್ಷಗಳೇ ಬೇಕು. ಆದುದರಿಂದ ಒಂದು ದಿಬ್ಬದ ಶಾರ್ಕ್‌ಗಳನ್ನು ಒಮ್ಮೆ ಹಿಡಿದು ಬರಿದುಮಾಡಿದರೆ ಆ ಕೊರತೆ ಬೇಗ ತುಂಬುವುದಿಲ್ಲ.

ರೆಕ್ಕೆ ಮತ್ತು ಮಾಂಸಕ್ಕಾಗಿ ನಡೆಯುವ ಮೀನುಗಾರಿಕೆ ಇದಕ್ಕೊದಗಿದ ಮುಖ್ಯ ಅಪಾಯ. ಜೊತೆಗೆ ಸಮುದ್ರದ ನೀರು ಬಿಸಿಯೇರಿದಾಗ ಹವಳವು ಬಿಳಿಚಿ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಯಿತು. ಭಾರತ ಸರ್ಕಾರವು 2013ರಲ್ಲಿ ಸಮುದ್ರದಲ್ಲಿಯೇ ಶಾರ್ಕ್‌ಗಳ ರೆಕ್ಕೆ ಕತ್ತರಿಸಿ ದೇಹವನ್ನು ಎಸೆಯುವುದನ್ನೂ, 2015ರಲ್ಲಿ ರೆಕ್ಕೆಗಳ ರಫ್ತನ್ನೂ ನಿಷೇಧಿಸಿತು. ಈ ಪ್ರಭೇದವು ಸೇರಿದ ಇಡೀ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸಲು 2022ರಲ್ಲಿ ರಾಷ್ಟ್ರಗಳು ಒಪ್ಪಿದವು.

ಕಾನೂನಿನೊಡನೆ ಜನರ ಸಹಕಾರವೂ ಅಗತ್ಯ. ದ್ವೀಪಗಳಿಗೆ ಪ್ರವಾಸ ಹೋಗುವವರು ಹವಳವನ್ನು ತುಳಿಯಬಾರದು, ಮುರಿಯಬಾರದು; ನೆನಪಿಗೆಂದು ಅದರ ತುಂಡನ್ನಾಗಲಿ ಶಾರ್ಕ್‌ನ ಹಲ್ಲನ್ನಾಗಲಿ ಕೊಳ್ಳಬಾರದು. ದಿಬ್ಬವು ಉಳಿದರೆ ಮಾತ್ರ ಅದನ್ನೇ ಮನೆಯಾಗಿಸಿಕೊಂಡ ಈ ಮೀನೂ ಉಳಿದೀತು.