ಸಿನಿಮಾ ಪುಟ ಮತ್ತು ಕ್ಷೌರದಂಗಡಿಯ ಗೋಡೆ

ಕನ್ನಡದ ದಲಿತ ವಿಮರ್ಶೆ ಈತನಕ ಹೆಚ್ಚಾಗಿ ದುಡಿದದ್ದು ಕಥೆ, ಕಾದಂಬರಿ, ಕಾವ್ಯದ ಹೊಲದಲ್ಲಿ. ‘ಚೋಮನ ದುಡಿ’ಯ ಚೋಮ ಯಾರ ಕಣ್ಣಿಗೆ ಕಂಡ ಚೋಮ ಎಂಬುದರ ಮೇಲೆ ಬೇಕಾದಷ್ಟು ಚರ್ಚೆಯಾಗಿದೆ. ಆಗಲೇಬೇಕಿತ್ತು, ತಕರಾರಿಲ್ಲ. ಆದರೆ ಕೇರಿಯ ಹುಡುಗನೊಬ್ಬ ಯಾರೂ ಒತ್ತಾಯ ಮಾಡದೆ ತಾನಾಗಿ ಕೈಗೆತ್ತಿಕೊಳ್ಳುವ ಅಚ್ಚಿನ ಹಾಳೆ ಯಾವುದು? ‘ರೂಪತಾರಾ’ದಂಥ ಸಿನಿಮಾ ಮಾಸಿಕ, ಪತ್ರಿಕೆಗಳ ಶುಕ್ರವಾರದ ಪುರವಣಿ, ಈಚೆಗೆ ಅದೇ ಸರಕು ತುಂಬಿಕೊಂಡು ಬರುವ ಫೋನು. ಯಾವ ನಟನ ಕೂದಲು ಈ ಸಲ ಯಾವ ಕಟ್ಟು, ಯಾವ ನಟಿ ಯಾವ ಸೀರೆ ಉಟ್ಟಳು, ಹಾಡು ಎಲ್ಲಿ ಚಿತ್ರೀಕರಣ ಆಯಿತು, ಮೊದಲ ದಿನ ಗಲ್ಲಾಪೆಟ್ಟಿಗೆಗೆ ಎಷ್ಟು ಬಿತ್ತು. ಶಿಷ್ಟ ಸಾಹಿತ್ಯದ ಮಂದಿ ಇದನ್ನು ಕಸವೆಂದು ಬದಿಗೆ ಸರಿಸಿದರು. ಎಡಪಂಥದವರು ಜನರಿಗೆ ಕುಡಿಸುವ ಅಫೀಮು ಅಂದರು. ಎರಡು ಮಾತಿನಲ್ಲೂ ಓದುವವನ ಬಗ್ಗೆ ಒಂದು ತಾತ್ಸಾರವಿದೆ.

ಈ ಪುಟ ಒಂದು ವಿಷಯವನ್ನು ಪ್ರಶ್ನೆಯಿಲ್ಲದೆ ನಂಬಿಕೊಂಡಿರುತ್ತದೆ. ಮನಸ್ಸಿದ್ದರೆ, ಕಿಸೆಯಲ್ಲಿ ನಾಲ್ಕು ಕಾಸಿದ್ದರೆ, ಯಾರು ಬೇಕಾದರೂ ಹೀರೋನ ಹಾಗೆ ಕಟಿಂಗ್ ಮಾಡಿಸಬಹುದು, ಟಿಕೀಟು ಕೊಂಡು ಟಾಕೀಸಿನಲ್ಲಿ ಕೂರಬಹುದು, ಅಂಥದೇ ಅಂಗಿ ತೊಡಬಹುದು ಎಂಬುದು ಆ ನಂಬಿಕೆ. ಅಂದರೆ ಫ್ಯಾಷನ್ ಎಂಬುದು ಆಸೆಯ ಮಾತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಎಷ್ಟೋ ಹಳ್ಳಿಗಳ ದಲಿತನಿಗೆ ಅದು ಅಪ್ಪಣೆಯ ಮಾತು.

ಇದು ಹೊಸದಲ್ಲ. 1936ರ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್ ಇಂದೋರ್ ಸೀಮೆಯ ಬಲಾಯಿಗಳ ಮೇಲೆ 1928ರಲ್ಲಿ ಮೇಲ್ಜಾತಿಯವರು ಹೇರಿದ ಕಟ್ಟಳೆಗಳ ಪಟ್ಟಿಯನ್ನೇ ಕೊಡುತ್ತಾರೆ. ಜರಿಯಂಚಿನ ಪೇಟ ಸುತ್ತಬಾರದು, ಬಣ್ಣದಂಚಿನ ಧೋತರ ಉಡಬಾರದು, ಹೆಂಗಸರು ಬೆಳ್ಳಿ ಬಂಗಾರ ಹಾಕಬಾರದು, ಚೆಂದದ ಲಂಗ ಕುಪ್ಪಸ ತೊಡಬಾರದು. ಫ್ಯಾಷನ್ ಪುಟವನ್ನು ತಲೆಕೆಳಗು ಹಿಡಿದರೆ ಈ ಪಟ್ಟಿ ಕಾಣುತ್ತದೆ. ಅದಕ್ಕೂ ಮುಂಚೆ, 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ, ಅವರು ಹೆಣ್ಣುಮಕ್ಕಳನ್ನು ಕೂಡಿಸಿ ಜಾತಿ ತೋರಿಸುವ ಉಡುಗೆ ಒಡವೆಗಳನ್ನು ಬಿಡಿ, ಮೇಲಿನವರು ಉಡುವಂತೆಯೇ ಸೀರೆ ಉಡಿ ಎಂದಿದ್ದರು. ಅವರ ಸೂಟು ಬೂಟಿನ ಬಗ್ಗೆ ಲೇವಡಿ ಮಾಡುವವರು ಇದನ್ನು ಓದಿರುವುದಿಲ್ಲ. ಬಟ್ಟೆ, ಕೂದಲು, ಮೀಸೆ ದಲಿತನಿಗೆ ಶೋಕಿಯ ಸಂಗತಿ ಆಗುವುದಕ್ಕೆ ಮುಂಚೆ ಹಕ್ಕಿನ ಸಂಗತಿ.

ಕ್ಷೌರದಂಗಡಿಯನ್ನೇ ತಗೊಳ್ಳಿ. ಸಿನಿಮಾ ಪುಟ ತನ್ನ ಎರಡನೇ ಜನ್ಮ ಎತ್ತುವುದು ಅಲ್ಲಿ. ಪತ್ರಿಕೆಯಿಂದ ಕತ್ತರಿಸಿದ ನಟರ ಮುಖಗಳನ್ನು ಕನ್ನಡಿಯ ಪಕ್ಕ ಅಂಟಿಸಿರುತ್ತಾರೆ, ಬಂದವನು ಬೆರಳು ತೋರಿಸಿ ‘ಹಿಂಗ ಹೊಡಿ’ ಅನ್ನುತ್ತಾನೆ. ನಮ್ಮ ಕಡೆಯ ಹಲವು ಹಳ್ಳಿಗಳಲ್ಲಿ ಆ ಗೋಡೆಯ ಮುಂದೆ ಕೂರುವ ಕುರ್ಚಿ ಕೇರಿಯವನಿಗಿಲ್ಲ. ಅವನು ಬಸ್ಸು ಹತ್ತಿ ತಾಲ್ಲೂಕಿನ ಊರಿಗೆ ಹೋಗಬೇಕು, ಅಲ್ಲಿ ಯಾರಿಗೂ ಯಾರ ಜಾತಿ ಗೊತ್ತಿರುವುದಿಲ್ಲ. ಹೀರೋನ ಕೂದಲಿನ ಕಟ್ಟು ಹಳ್ಳಿಗೆ ಬರುವುದು ಹೀಗೆ ಬಸ್ಸಿನ ಖರ್ಚು ಸೇರಿಸಿಕೊಂಡು. 2024ರ ಆಗಸ್ಟಿನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕಟಿಂಗ್ ಮಾಡಲು ನಿರಾಕರಿಸಿದ್ದಕ್ಕೆ ಮಾತು ಬೆಳೆದು ದಲಿತ ಯುವಕನೊಬ್ಬ ಕತ್ತರಿಯ ಇರಿತಕ್ಕೆ ಸತ್ತನೆಂದು ಪತ್ರಿಕೆಗಳು ವರದಿ ಮಾಡಿದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕತ್ತರಿ ಹಿಡಿದವನೂ ಊರಿನ ಲೆಕ್ಕದಲ್ಲಿ ಮೇಲಿನವನಲ್ಲ. ‘ಅವರಿಗೆ ಕತ್ತರಿ ಹಚ್ಚಿದ್ರ ನಮ್ಮ ಮಂದಿ ನಿನ್ನ ಅಂಗಡಿಗೆ ಬರಂಗಿಲ್ಲ’ ಎಂಬ ಒಂದು ಮಾತಿಗೆ ಅವನ ಅನ್ನ ಹೋಗುತ್ತದೆ. ಆ ಮಾತು ಆಡುವವರು ಕುರ್ಚಿಯಲ್ಲಿ ಕೂತು ಕೈ ಬೆಳ್ಳಗೆ ಇಟ್ಟುಕೊಂಡಿರುತ್ತಾರೆ. ಜಾತಿ ತನ್ನ ಕೆಲಸವನ್ನು ಕೆಳಗಿನವರ ಕೈಯಿಂದಲೇ ಮಾಡಿಸಿಕೊಳ್ಳುವ ಬಗೆ ಇದು. ಕೊಂದವನ ತಪ್ಪು ಇದರಿಂದ ಕಡಿಮೆಯಾಗುವುದಿಲ್ಲ.

ಇನ್ನು ಟಾಕೀಸು. ಗುಡಿ, ಹೋಟೆಲು, ಬಾವಿಗಳಿಗಿಂತ ಟಾಕೀಸು ಬೇರೆ ಥರದ ಜಾಗ. ಅಲ್ಲಿ ಎಲ್ಲಿ ಕೂರಬೇಕೆಂಬುದನ್ನು ಟಿಕೀಟಿನ ರೊಕ್ಕ ಹೇಳುತ್ತದೆ. ಪರದೆಗೆ ಹತ್ತಿರದ, ಎಲ್ಲಕ್ಕಿಂತ ಅಗ್ಗದ ಸಾಲಿಗೆ ನಮ್ಮಲ್ಲಿ ‘ಗಾಂಧಿ ಕ್ಲಾಸು’ ಎಂಬ ಹೆಸರು ಬಿದ್ದಿದ್ದು ತಮಾಷೆಯೇ. ಹೆಸರು ಏನಾದರೂ ಇರಲಿ, ಕತ್ತಲಾದ ಮೇಲೆ ಪಕ್ಕದವನ ತೋಳಿಗೆ ತೋಳು ತಾಕುತ್ತದೆ, ಶಿಳ್ಳೆ ಎಲ್ಲರದೂ ಒಂದೇ. ದಲಿತ ಹುಡುಗರ ಸಿನಿಮಾ ಹುಚ್ಚನ್ನು ಬರೀ ಹುಚ್ಚು ಅನ್ನುವವರು ಈ ಎರಡೂವರೆ ಗಂಟೆಯ ಸಮಾನತೆಯ ರುಚಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಊರಿನ ಜಾತಿ ಇದನ್ನು ಸಹಿಸುತ್ತದೆಯೇ ಎಂಬುದಕ್ಕೆ ಮರಕುಂಬಿಯಲ್ಲಿ ಉತ್ತರ ಸಿಕ್ಕಿತು.

2014ರ ಆಗಸ್ಟ್ 28, ಗುರುವಾರ. ಮರುದಿನ ಗಣೇಶ ಚೌತಿ. ಪುನೀತ್ ರಾಜ್‌ಕುಮಾರ್ ಅವರ ‘ಪವರ್’ ಬಿಡುಗಡೆಯಾದ ದಿನ. ಕೆ. ಮಾದೇಶ ನಿರ್ದೇಶನ, ತೆಲುಗಿನ ‘ದೂಕುಡು’ವಿನ ಕನ್ನಡ ರೂಪ, ತ್ರಿಷಾಗೆ ಕನ್ನಡದಲ್ಲಿ ಮೊದಲ ಚಿತ್ರ. ಇಂಥ ವಿವರ ಯಾವ ಸಿನಿಮಾ ಪುಟದಲ್ಲಾದರೂ ಸಿಗುತ್ತದೆ. ಸಿಗದ ವಿವರ ಇದು: ಗಂಗಾವತಿಯ ಟಾಕೀಸಿನಲ್ಲಿ ಆ ಚಿತ್ರ ನೋಡಲು ಹೋದಾಗ ಆದ ಜಗಳ ಗಂಗಾವತಿ ತಾಲ್ಲೂಕಿನ ಮರಕುಂಬಿಗೆ ಬಂತು, ಊರಿನ ಗುಂಪು ದಲಿತರ ಕೇರಿಗೆ ನುಗ್ಗಿತು, ಜನರನ್ನು ಹೊಡೆಯಿತು, ಗುಡಿಸಲುಗಳಿಗೆ ಬೆಂಕಿ ಇಟ್ಟಿತು. ಜಗಳ ಸಿನಿಮಾದಿಂದ ಹುಟ್ಟಿತೆಂದು ಹೇಳುವುದು ಅರ್ಧ ಸತ್ಯ. ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರನ್ನು ಬಿಡದ ತಂಟೆ ಆ ಊರಲ್ಲಿ ಮೊದಲೇ ಇತ್ತು, ದಲಿತರು ಅದನ್ನು ಪ್ರಶ್ನೆ ಮಾಡಿದ್ದರು. ಟಾಕೀಸಿನ ಜಗಳ ಕಡ್ಡಿ ಗೀರಿತು, ಒಣಹುಲ್ಲು ಮೊದಲಿನಿಂದಲೂ ಒಟ್ಟಿತ್ತು.

ವಿಚಾರಣೆ ಹತ್ತು ವರ್ಷ ನಡೆಯಿತು. ಆರೋಪ ಹೊತ್ತವರು 117 ಜನ, ಅವರಲ್ಲಿ ಕೆಲವರು ತೀರ್ಪಿನೊಳಗೆ ತೀರಿಹೋದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳು ಹೈಕೋರ್ಟಿನ ಧಾರವಾಡ ಪೀಠದಲ್ಲಿ ಅವರ ಪೈಕಿ ಬಹುಪಾಲು ಜನರಿಗೆ ಜಾಮೀನು ಸಿಕ್ಕಿತು. ತೀರ್ಪಿನ ಸುದ್ದಿಯ ಜೊತೆ ‘ಪವರ್’ ಹೆಸರು ಮತ್ತೆ ಅಚ್ಚಾಯಿತು, ಆದರೆ ಅಪರಾಧ ಸುದ್ದಿಯ ಪುಟದಲ್ಲಿ. ಒಂದೇ ದಿನ, ಒಂದೇ ಚಿತ್ರ. ಅದರ ಹಾಡು, ವೇಷ, ಗಳಿಕೆ ಒಂದು ಪುಟಕ್ಕೆ, ಅದನ್ನು ನೋಡಲು ಹೋದಾಗಿನ ಜಗಳದ ನೆಪದಲ್ಲಿ ಕೇರಿ ಸುಟ್ಟದ್ದು ಇನ್ನೊಂದು ಪುಟಕ್ಕೆ. ನಡುವಿನ ಈ ಗೋಡೆಯೇ ವಿಮರ್ಶಕ ನೋಡಬೇಕಾದ ಜಾಗ.

ಪುನೀತ್ ಅವರನ್ನು ಇದಕ್ಕೆ ಹೊಣೆ ಮಾಡುವುದು ಮೂರ್ಖತನ. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ಅತ್ತವರಲ್ಲಿ ಕೇರಿಯವರೂ ಇದ್ದರು, ಆ ಅಳು ನಿಜವಾದದ್ದು. ನನ್ನ ಮಾತು ನಟನ ಬಗ್ಗೆ ಅಲ್ಲ, ‘ಅಭಿಮಾನಿ’ ಎಂಬ ಪದದ ಬಗ್ಗೆ. ಸಿನಿಮಾ ಪುಟದಲ್ಲಿ ಅಭಿಮಾನಿಗೆ ಜಾತಿಯಿಲ್ಲ, ಊರಿಲ್ಲ, ಅವನು ಕಟೌಟಿಗೆ ಹಾಲೆರೆಯುವ ಒಂದು ಜೊತೆ ಕೈ. ಕಟೌಟಿನ ಮೆರವಣಿಗೆಯ ಫೋಟೋ ಬರುತ್ತದೆ. ಮುಂದೆ ಹಲಗಿ ಬಡಿಯುವವರು ಇದ್ದೇ ಇರುತ್ತಾರೆ, ಅವರ ಹೆಸರು ಬರುವುದಿಲ್ಲ.

ಹೆಸರು ಬಂದ ಒಂದು ಪ್ರಸಂಗವೂ ಇದೆ. ಬಿಳಿ ಪರದೆ, ಹಿಂದೆ ದೀಪ, ಬಣ್ಣದ ನೆರಳು, ಜೊತೆಗೆ ಹಾಡು: ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಮುಂಚೆ ತೊಗಲುಗೊಂಬೆಯವರು ಊರೂರಿಗೆ ಹೊತ್ತು ತಂದ ಆಟ ಇದು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಈ ಅಲೆಮಾರಿ ಪರಂಪರೆಯವರು. ರಾಮಾಯಣ ಮಹಾಭಾರತ ಆಡಿಸುತ್ತ ಹೊರದೇಶಗಳಿಗೂ ಹೋಗಿ ಬಂದವರು. 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ ಎಂದು ಪತ್ರಿಕೆಗಳು ಬರೆದವು. ಆಗ ಎಲ್ಲರೂ ಆ ಅಜ್ಜಿಯ ಫೋಟೋ ಹಾಕಿದರು, ಒಳ್ಳೆಯದೇ. ವಯಸ್ಸಿನ ಬಗ್ಗೆ ಬೆರಗುಪಟ್ಟಷ್ಟು ಕಲೆಯ ಬಗ್ಗೆ ಬರೆದಿದ್ದರೆ ಇನ್ನೂ ಒಳ್ಳೆಯದಿತ್ತು. ಗೊಂಬೆಯ ತೊಗಲನ್ನು ಹೇಗೆ ಹದ ಮಾಡುತ್ತಾರೆ, ಹಾಡಿನ ಧಾಟಿ ಯಾವುದು, ಯಾವ ಊರಿನ ಯಾವ ಕಟ್ಟೆಯ ಮುಂದೆ ಆಟಕ್ಕೆ ಜಾಗ ಕೊಡುತ್ತಿದ್ದರು ಎಂದು ಯಾವ ಸಿನಿಮಾ ವರದಿಗಾರನೂ ಕೇಳಬಹುದಿತ್ತು. ನಟನನ್ನು ಕೇಳುವಾಗ ಇಂಥ ಪ್ರಶ್ನೆಗಳಿಗೆ ಅವನಲ್ಲಿ ಬರವಿರುವುದಿಲ್ಲ.

ಕೂದಲಿಗೇ ಮರಳುವುದಾದರೆ, ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಕೂದಲಿನದೇ ಉದ್ಯಮವಿದೆ. ಗುಡಿಗಳಲ್ಲಿ ಕೊಟ್ಟ ಮುಡಿ, ಮನೆಮನೆಯ ಬಾಚಣಿಗೆಗೆ ಸಿಕ್ಕ ಎಳೆ, ಪಾತ್ರೆ ಪಿನ್ನು ಕೊಟ್ಟು ಓಣಿಯ ವ್ಯಾಪಾರಿ ಕೂಡಿಹಾಕಿದ ಗಂಟು, ಎಲ್ಲ ಅಲ್ಲಿಗೆ ಬರುತ್ತದೆ. ಹೆಣ್ಣುಮಕ್ಕಳು ಸಿಕ್ಕು ಬಿಡಿಸಿ, ಬಾಚಿ, ಉದ್ದದ ಪ್ರಕಾರ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ಅದು ಹೊರದೇಶಕ್ಕೆ ಹೋಗಿ ವಿಗ್ಗು ಆಗುತ್ತದೆ. ಕೂದಲನ್ನು ಕುರಿತು ಪುಟಗಟ್ಟಲೆ ಬರೆಯುವ ಫ್ಯಾಷನ್ ಪತ್ರಿಕೆಗಳಿಗೆ ಇದಕ್ಕಿಂತ ಹತ್ತಿರದ ವಸ್ತು ಬೇರೆ ಸಿಗಲಾರದು. ಅಲ್ಲಿ ಕೂತು ಎಳೆ ಬಿಡಿಸುವವರು ಯಾವ ಓಣಿಯವರು, ದಿನಕ್ಕೆ ಎಷ್ಟು ಕೂಲಿ, ಅವರ ಮನೆಯ ಗಂಡುಹುಡುಗರಿಗೆ ಊರಲ್ಲಿ ಯಾರು ಕಟಿಂಗ್ ಮಾಡುತ್ತಾರೆ ಎಂದು ಈ ಸೀಮೆಯ ಯಾರಾದರೂ ಹೋಗಿ ಕೇಳಿ, ಫೋಟೋ ಸಮೇತ ಬರೆದು ಆ ಪತ್ರಿಕೆಗಳಿಗೇ ಕಳಿಸಬೇಕು.