ಬೇಸಿಗೆಯಲ್ಲೂ ಉದುರದ ಕೂದಲು

ಬಿಸಿಲೇರಿದರೂ ಚಳಿಗಾಲದ ಕೂದಲು ಉದುರಿಸದೆ ಕರಡಿಯಂತೆ ನಿಂತ ಮುದಿ ಕುದುರೆಯನ್ನು ಕಂಡು ‘ವಯಸ್ಸಾಯಿತು’ ಎಂದು ಸುಮ್ಮನಾಗುವವರೇ ಹೆಚ್ಚು. ಹಾಗೆ ಸುಮ್ಮನಾಗಬಾರದು. ಬೆನ್ನಿನ ಮಾಂಸ ಕರಗಿ, ಹೊಟ್ಟೆ ಜೋತು, ಕುದುರೆ ವಿಪರೀತ ನೀರು ಕುಡಿಯತೊಡಗಿದರೆ ಅದು ಬರೀ ಮುಪ್ಪಲ್ಲ; ಪಿಪಿಐಡಿ ಇರಬಹುದು. ಕುದುರೆಯ ಕುಶಿಂಗ್ ರೋಗವೆಂದೂ ಇದನ್ನು ಕರೆಯುತ್ತಾರೆ. 15 ವರ್ಷ ದಾಟಿದ ಕುದುರೆಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಇದು ಕಂಡುಬಂದಿದೆ.

ಮೂಲ ಇರುವುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ. ಅದರ ನಡುಭಾಗವನ್ನು ಡೋಪಮೈನ್ ಎಂಬ ರಾಸಾಯನಿಕದಿಂದ ಅಂಕೆಯಲ್ಲಿಡುವ ನರಕೋಶಗಳು ವಯಸ್ಸಾದಂತೆ ಸವೆಯುತ್ತವೆ. ಅಂಕೆ ತಪ್ಪಿದ ಗ್ರಂಥಿ ಹಿಗ್ಗಿ, ಎಸಿಟಿಎಚ್ ಮೊದಲಾದ ಹಾರ್ಮೋನುಗಳನ್ನು ಮಿತಿಮೀರಿ ಸುರಿಸುತ್ತದೆ. ರಕ್ತಪರೀಕ್ಷೆ ಹಿಡಿಯುವುದು ಇದನ್ನೇ. ಆದರೆ ಶರತ್ಕಾಲದಲ್ಲಿ ಆರೋಗ್ಯವಂತ ಕುದುರೆಯಲ್ಲೂ ಎಸಿಟಿಎಚ್ ಏರುವುದರಿಂದ, ಋತು ನೋಡದೆ ಅಂಕಿಯನ್ನು ಓದುವಂತಿಲ್ಲ.

ಸವೆದ ನರಕೋಶ ಮರಳಿ ಬರುವುದಿಲ್ಲ, ಹಾಗಾಗಿ ರೋಗ ವಾಸಿಯಾಗದು. ಡೋಪಮೈನಿನ ಕೆಲಸವನ್ನೇ ಮಾಡುವ ಪರ್ಗೊಲೈಡ್ ಮಾತ್ರೆಯನ್ನು ದಿನವೂ, ಬದುಕಿರುವಷ್ಟು ಕಾಲವೂ ಕೊಡಬೇಕು. ಇದು ಮೊದಲು ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೆಂದು ಬಂದ ಔಷಧ. ಹೃದಯದ ಕವಾಟಗಳಿಗೆ ಹಾನಿಯಾಗುವುದು ಕಂಡು 2007ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದರು. 2011ರಲ್ಲಿ ಅಲ್ಲೇ ಕುದುರೆಗಳಿಗೆಂದು ಮಂಜೂರಾಯಿತು. ಶುರುವಿನಲ್ಲಿ ಕೆಲವು ಕುದುರೆಗಳು ಮೇವು ಬಿಡುತ್ತವೆ. ಗಾಬರಿ ಬೇಡ, ವೈದ್ಯರು ಪ್ರಮಾಣ ತಗ್ಗಿಸಿ ನಿಧಾನವಾಗಿ ಏರಿಸುತ್ತಾರೆ.

ನಿಜವಾಗಿ ಹೆದರಬೇಕಾದದ್ದು ಗೊರಸಿನ ಉರಿಯೂತಕ್ಕೆ. ಈ ರೋಗವಿರುವ ಹಲವು ಕುದುರೆಗಳ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುತ್ತದೆ. ಅದರಿಂದ ಕಾಲಿನ ಮೂಳೆಯನ್ನು ಗೊರಸಿನ ಗೋಡೆಗೆ ಬಿಗಿದಿಡುವ ಪದರ ಸಡಿಲವಾಗುತ್ತದೆ. ಆಗ ಕುದುರೆ ಮುಂಗಾಲನ್ನು ಮುಂದೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ. ಗೊರಸು ಮುಟ್ಟಿದರೆ ಬಿಸಿ. ಅದರ ಮೇಲಿನ ಗೆಣ್ಣಿನ ಹಿಂಬದಿಗೆ ಬೆರಳಿಟ್ಟರೆ ನಾಡಿ ಜೋರಾಗಿ ಬಡಿಯುತ್ತಿರುತ್ತದೆ. ದಿನಕ್ಕೊಮ್ಮೆ ಹೀಗೆ ಮುಟ್ಟಿ ನೋಡುವ ಕೈ ಮಾತ್ರೆಯಷ್ಟೇ ಮುಖ್ಯ ಎಂಬುದು ನನ್ನ ನಂಬಿಕೆ.

ಪ್ರೀತಿಯಿಂದ ಕುದುರೆಗೆ ಬೆಲ್ಲ ತಿನ್ನಿಸುವುದು ನಮ್ಮಲ್ಲಿ ರೂಢಿ. ಈ ಕಾಯಿಲೆಯಲ್ಲಿ ಅದನ್ನು ನಿಲ್ಲಿಸಲೇಬೇಕು. ಒಣಹುಲ್ಲನ್ನು ನೆನೆಸಿ, ಸಕ್ಕರೆ ಬಿಟ್ಟ ನೀರನ್ನು ಚೆಲ್ಲಿ ಹಾಕುವುದು ಒಳ್ಳೆಯದು. ಸೆಕೆಯಲ್ಲಿ ಮೈಕೂದಲನ್ನು ಯಂತ್ರದಿಂದ ಕತ್ತರಿಸಿದರೆ ಅದಕ್ಕೆ ಹಾಯೆನಿಸುತ್ತದೆ. ಗೊರಸನ್ನು ಆಗಾಗ ಕೆತ್ತಿಸಿ ಹದದಲ್ಲಿಡಬೇಕು. ಇಷ್ಟು ನಡೆದರೆ ಎಷ್ಟೋ ಕುದುರೆಗಳು ವರ್ಷಗಟ್ಟಲೆ ನೆಮ್ಮದಿಯಾಗಿ ಬಾಳುತ್ತವೆ, ಕೆಲವು ಸವಾರಿಗೂ ಮರಳುತ್ತವೆ.